ಪ್ರಶ್ನೆಗೆ ಮಾತ್ರ ವೇಳೆಯಿಲ್ಲ

ನಮ್ಮ ನಗರಗಳಲ್ಲಿ ಸಾರ್ವಜನಿಕ ವಿಜ್ಞಾನೋಪನ್ಯಾಸಗಳಿಗೆ ಈಗ ಬರವೇನೂ ಇಲ್ಲ. ಫೆಬ್ರವರಿ 28 ಬಂತೆಂದರೆ ರಾಮನ್ನರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಪ್ರಾರ್ಥನೆ, ಸ್ವಾಗತ, ಸನ್ಮಾನ, ಅಧ್ಯಕ್ಷರ ನುಡಿ ಎಲ್ಲ ಮುಗಿದ ಮೇಲೆ ಉಪನ್ಯಾಸ. ಕರಪತ್ರದಲ್ಲಿ 'ಆಬಾಲವೃದ್ಧರಿಗೂ ಸ್ವಾಗತ' ಎಂದಿರುತ್ತದೆ. ಮಾತು ಮುಕ್ಕಾಲು ಪಾಲು ಇಂಗ್ಲಿಷಿನಲ್ಲಿ ನಡೆಯುತ್ತದೆ. ಕೊನೆಗೆ ಕಾರ್ಯದರ್ಶಿಗಳು ಎದ್ದು, ವೇಳೆಯ ಅಭಾವದಿಂದ ಪ್ರಶ್ನೋತ್ತರವನ್ನು ಕೈಬಿಟ್ಟಿರುವುದಾಗಿ ಸಾರುತ್ತಾರೆ. ಹಾರಕ್ಕೆ ವೇಳೆಯಿದೆ, ವಂದನಾರ್ಪಣೆಗೆ ವೇಳೆಯಿದೆ. ವಿಜ್ಞಾನದ ಜೀವವಾದ ಪ್ರಶ್ನೆಗೆ ಮಾತ್ರ ಇಲ್ಲ!

2019ರ ಡಿಸೆಂಬರಿನಲ್ಲಿ, ಸೂರ್ಯಗ್ರಹಣಕ್ಕೆ ಕೆಲವು ದಿನ ಮುಂಚೆ, ಇಂಥದೊಂದು ಸಭೆಗೆ ಹೋಗಿದ್ದೆ. ನಮ್ಮ ಬೀದಿಯ ಅಜ್ಜಿಯೊಬ್ಬರು ಮೊಮ್ಮಗನ ಕೈಹಿಡಿದುಕೊಂಡು ಒಂದು ಗಂಟೆ ತಾಳ್ಮೆಯಿಂದ ಕುಳಿತಿದ್ದರು. ಏಳುವಾಗ ಕೇಳಿದರು: "ಮೇಷ್ಟ್ರೇ, ಬಸುರಿ ಸೊಸೆ ಅವತ್ತು ಹೊರಗೆ ಬರಬಹುದೋ ಬಾರದೋ, ಅದನ್ನ ಹೇಳಲೇ ಇಲ್ಲವಲ್ಲ?" ಅವರು ಬಂದದ್ದೇ ಆ ಒಂದು ಮಾತಿಗಾಗಿ. "ಬರಬಹುದಮ್ಮ" ಎಂದೆ. "ಯಾಕೆ?" ಎಂದರು. ತೊದಲಿದೆ. ಅಲಂಕಾರಶಾಸ್ತ್ರವನ್ನು ಗಂಟೆಗಟ್ಟಲೆ ವಿವರಿಸಬಲ್ಲ ನನ್ನ ಕನ್ನಡ ಚಂದ್ರನ ನೆರಳೊಂದರ ಮುಂದೆ ಮೂಕವಾಯಿತು.

ಆ ಗ್ರಹಣದ ದಿನವೇ, ಕಲಬುರಗಿಯ ಬಳಿಯ ಹಳ್ಳಿಯೊಂದರಲ್ಲಿ, ಊನ ಗುಣವಾದೀತೆಂಬ ಆಸೆಯಿಂದ ಅಂಗವಿಕಲ ಮಕ್ಕಳನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂತಿದ್ದರು. ಪತ್ರಿಕೆಯಲ್ಲಿ ಓದಿದವರು ಹಳ್ಳಿಯವರ ಮೌಢ್ಯಕ್ಕೆ ನಕ್ಕರು. ನನಗೆ ನಗು ಬರಲಿಲ್ಲ. ಆ ತಾಯಂದಿರ 'ಯಾಕೆ'ಗೆ ಅವರ ಮಾತಿನಲ್ಲಿ ಉತ್ತರ ಕೊಟ್ಟವರು ಯಾರು?

ಕನ್ನಡದಲ್ಲಿ ವಿಜ್ಞಾನ ಹೇಳಲಾಗದೆಂಬ ನೆಪ ಹಳೆಯದು. ಅದಕ್ಕೆ ಉತ್ತರವೂ ಹಳೆಯದೇ. ಬೆಳ್ಳಾವೆ ವೆಂಕಟನಾರಣಪ್ಪನವರು ಸಹೋದ್ಯೋಗಿಯೊಡನೆ 'ವಿಜ್ಞಾನ' ಪತ್ರಿಕೆ ಹೊರಡಿಸಿದ್ದು 1918ರಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ಅವರೇ ಪಂಪಭಾರತವನ್ನೂ ಸಂಪಾದಿಸಿದರು. ಅವರಿಗೆ ಇಲ್ಲದ ಗೋಡೆಯನ್ನು ಕಟ್ಟಿಕೊಂಡವರು ನಾವು, ಕನ್ನಡದ ಅಧ್ಯಾಪಕರು. 'ಅದು ವಿಜ್ಞಾನದವರ ಕೆಲಸ' ಎಂದು ಕೈತೊಳೆದುಕೊಂಡೆವು. ಇನ್ನು ಉತ್ಸವಪ್ರಿಯರಿಗೂ ಒಂದು ಮಾತು: ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ ನಡೆಸಿದ್ದು ವಾರವಾರದ ಉಪನ್ಯಾಸಗಳನ್ನು, ವರ್ಷಕ್ಕೊಮ್ಮೆಯ ಪೂಜೆಯನ್ನಲ್ಲ.

ಪ್ರಶ್ನೆಗೆ ಬಿಟ್ಟರೆ ಮಕ್ಕಳೂ ಮುದುಕರೂ ಅಸಂಬದ್ಧ ಮಾತಾಡಿ ವಿದ್ವಾಂಸರ ವೇಳೆ ಹಾಳುಮಾಡುತ್ತಾರೆಂದು ಕೆಲವರು ಆಕ್ಷೇಪಿಸಬಹುದು. ಅಜ್ಜಿಯ ಪ್ರಶ್ನೆ ಅಸಂಬದ್ಧವೇ? ಗ್ರಹಣದಲ್ಲಿ ಸೂರ್ಯನಿಂದ ಹೊಸ ಕಿರಣ ಯಾವುದೂ ಹೊರಡುವುದಿಲ್ಲ. ದಿನವೂ ಬೀಳುವ ಬಿಸಿಲೇ ಚಂದ್ರನ ಅಡ್ಡದಿಂದ ಕಡಿಮೆಯಾಗುತ್ತದೆ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು, ಅಷ್ಟೆ. ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು. ಇನ್ನೆರಡು ನಿಮಿಷವಿದ್ದರೆ ಅಡಿಗೆಮನೆಯ ತೂತಿನ ಸೌಟನ್ನು ಕೈಗೆ ಕೊಟ್ಟು, ಗ್ರಹಣದ ದಿನ ಸೂರ್ಯನಿಗೆ ಬೆನ್ನುಮಾಡಿ ಬಿಸಿಲಿಗೆ ಹಿಡಿಯಿರೆಂದು ಹೇಳಬಹುದಿತ್ತು. ಒಂದೊಂದು ತೂತಿನಿಂದಲೂ ಒಂದೊಂದು ಕುಡುಗೋಲು ಸೂರ್ಯ ನೆಲಕ್ಕೆ ಇಳಿಯುತ್ತಾನೆ. ಹೊಂಗೆಮರದ ನೆರಳಿನಲ್ಲೂ ಅದೇ ಸಂತೆ. ಇದನ್ನು ಕಣ್ಣಾರೆ ಕಂಡ ಅಜ್ಜಿಗೂ ಮೊಮ್ಮಗನಿಗೂ ಬೇರೆ ಪ್ರಮಾಣ ಬೇಕೆ?

ಆದ್ದರಿಂದ ಸಂಘಟಕರಲ್ಲಿ ನನ್ನ ಬಿನ್ನಹವಿಷ್ಟೆ: ಸನ್ಮಾನವನ್ನು ಕೈಬಿಡಿ, ಸಭೆಯ ಅರ್ಧ ವೇಳೆಯನ್ನು ಪ್ರಶ್ನೆಗೆ ಮೀಸಲಿಡಿ, ವಿಜ್ಞಾನಿಯ ಪಕ್ಕದಲ್ಲಿ ಕನ್ನಡ ಮೇಷ್ಟರೊಬ್ಬನನ್ನು ಕೂರಿಸಿ. ಅವನು ಕಲಿಯಲಿ, ಕಲಿತದ್ದನ್ನು ತಿಳಿಯಾಗಿ ಹೇಳಲಿ. ಕೂರಲು ನಾನು ಸಿದ್ಧ. ಅಜ್ಜಿಗೆ ಕೊಡಬೇಕಾದ ಉತ್ತರದ ಸಾಲ ನನ್ನ ತಲೆಯ ಮೇಲಿದೆ.