ಹಿರಿಯರನ್ನು ಕೂರಿಸಿ ಸಾಕಿದ್ದು ಸಾಕು

ದಾಂಡೇಲಿಯಲ್ಲಿ ನಮಗೆ ಪರಿಚಯದ ಒಂದು ಮನೆ ಇದೆ. ಮನೆಯ ಯಜಮಾನರು ಎಳೆಯ ಪ್ರಾಯದಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಹೋದವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾರ್ಖಾನೆಯಲ್ಲಿ ದುಡಿದರು. ಬೆಳಗಿನ ಪಾಳಿಯಾಗಲಿ, ರಾತ್ರಿ ಪಾಳಿಯಾಗಲಿ, ಸೈಕಲ್ ತುಳಿದೇ ಹೋಗಿ ಬರುತ್ತಿದ್ದರು. ರವಿವಾರ ಪೇಟೆಗೆ ಹೋದರೆ ಎರಡೂ ಕೈಯಲ್ಲಿ ಚೀಲ ತೂಗಿಸಿಕೊಂಡು, ದಾರಿಯಲ್ಲಿ ಸಿಕ್ಕವರಿಗೆಲ್ಲ ಸಲಾಂ ಹೇಳಿಕೊಂಡು ಬರುವುದು ವಾಡಿಕೆ. ನಿವೃತ್ತಿಯಾದ ದಿನ ಮಕ್ಕಳೆಲ್ಲ ಸೇರಿ, "ಇನ್ನು ಬಾಪ ಎಂತದೂ ಮಾಡುದು ಬೇಡ, ಆರಾಮ ಕೂತ್ಕೊಳ್ಳಲಿ" ಅಂದರು. ಸೈಕಲ್ ಗುಜರಿಗೆ ಹೋಯಿತು. ಮೀನು ತರಲು ಮೊಮ್ಮಗ ಬೈಕಿನಲ್ಲಿ ಹೋದ. ಜಗಲಿಯಲ್ಲಿ ಒಂದು ಒಳ್ಳೆಯ ಕುರ್ಚಿ ಬಂತು, ಎದುರಿಗೆ ಟಿವಿ ಬಂತು.

ಎರಡು ವರ್ಷ ಕಳೆಯುವಷ್ಟರಲ್ಲಿ ಆ ಮನುಷ್ಯ ಬೇರೆಯೇ ಆಗಿಬಿಟ್ಟಿದ್ದರು. ಮಾತು ಕಡಿಮೆಯಾಯಿತು. ರಾತ್ರಿ ನಿದ್ದೆಯಿಲ್ಲ, ಹಗಲು ತೂಕಡಿಕೆ. ಚಹಾ ಆರಿದರೆ ಸಿಟ್ಟು, ಮಕ್ಕಳು ಗಲಾಟೆ ಮಾಡಿದರೆ ಸಿಟ್ಟು. ಮದುವೆಗೆ ಕರೆದರೆ, "ನೀವು ಹೋಗಿ ಬನ್ನಿ, ನಾನ್ಯಾಕೆ" ಎಂಬ ಉತ್ತರ. ಮನೆಯವರು ಒಂದೇ ಮಾತು ಹೇಳಿದರು: "ಪ್ರಾಯ ಆಯ್ತಲ್ಲ."

ಈ 'ಪ್ರಾಯ ಆಯ್ತಲ್ಲ' ಎಂಬ ಮಾತಿನ ಬಗ್ಗೆಯೇ ಇವತ್ತು ನಮ್ಮ ತಕರಾರು. ಮನಸ್ಸು ಕುಗ್ಗುವುದು ಪ್ರಾಯದ ಸಹಜ ಗುಣವಲ್ಲ. ಅದು ಒಂದು ಕಾಯಿಲೆಯಾಗಿರಬಹುದು, ಅಥವಾ ನಾವೇ ಪ್ರೀತಿಯಿಂದ ತಂದಿಟ್ಟ ಕುರ್ಚಿಯ ಫಲವೂ ಆಗಿರಬಹುದು. 2017-18ರಲ್ಲಿ ನಮ್ಮ ದೇಶದಲ್ಲಿ 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ 'ಲಾಸಿ' ಎಂಬ ದೊಡ್ಡ ಅಧ್ಯಯನ ನಡೆಯಿತು. ಅದರ ಪ್ರಕಾರ 60 ದಾಟಿದವರಲ್ಲಿ ನೂರಕ್ಕೆ ಸುಮಾರು 8 ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಆದರೆ ವೈದ್ಯರು ಖಿನ್ನತೆ ಎಂದು ಗುರುತಿಸಿದ್ದು ನೂರಕ್ಕೆ ಒಬ್ಬರಿಗೂ ಕಡಿಮೆ. ಉಳಿದವರೆಲ್ಲ 'ಪ್ರಾಯ ಆಯ್ತಲ್ಲ' ಎಂಬ ಒಂದು ಮಾತಿನಡಿ ಮುಚ್ಚಿಹೋದವರು.

ದೇಹ ಅಲುಗಾಡಿದರೆ ಮನಸ್ಸಿಗೆ ಏನಾಗುತ್ತದೆ? ಇದಕ್ಕೆ ಒಳ್ಳೆಯ ಪುರಾವೆ ಇದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 50 ದಾಟಿದ, ಗಂಭೀರ ಖಿನ್ನತೆಯಿದ್ದ 156 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಾತ್ರೆ, ಇನ್ನೊಂದಕ್ಕೆ ವಾರಕ್ಕೆ ಮೂರು ದಿನ ಗುಂಪಿನಲ್ಲಿ ಬಿರುಸಿನ ನಡಿಗೆ ಅಥವಾ ಓಟ, ಮೂರನೆಯದಕ್ಕೆ ಎರಡೂ. ಮೊದಮೊದಲು ಮಾತ್ರೆಯವರು ಬೇಗ ಚೇತರಿಸಿಕೊಂಡರು. ಆದರೆ 16 ವಾರ ಮುಗಿಯುವಾಗ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತಿದ್ದರು. ಕೆಲವು ತಿಂಗಳ ನಂತರ ಮತ್ತೆ ನೋಡಿದಾಗ, ವ್ಯಾಯಾಮದಿಂದ ಗುಣವಾದವರಲ್ಲಿ ಖಿನ್ನತೆ ಮರಳಿ ಬಂದದ್ದು ಕಡಿಮೆ. 2011ರ ಇನ್ನೊಂದು ಅಧ್ಯಯನದಲ್ಲಿ 120 ಹಿರಿಯರನ್ನು ಒಂದು ವರ್ಷ ಗಮನಿಸಿದರು. ನಡಿಗೆಯ ಗುಂಪಿನವರಲ್ಲಿ ಮಿದುಳಿನ ನೆನಪಿನ ಭಾಗ ಸುಮಾರು ಶೇ. 2ರಷ್ಟು ಬೆಳೆದಿತ್ತು. ಆ ವಯಸ್ಸಿನಲ್ಲಿ ಅದು ಸಾಮಾನ್ಯವಾಗಿ ಕುಗ್ಗುವ ಭಾಗ.

ಕಾರಣಗಳು ಒಂದೆರಡಲ್ಲ. ನಡೆದರೆ ಮಿದುಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ರಾತ್ರಿ ನಿದ್ದೆ ಬರುತ್ತದೆ, ಬೆಳಗಿನ ಬೆಳಕು ಕಣ್ಣಿಗೆ ಬೀಳುತ್ತದೆ. ಹಸಿವು ಸರಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, "ನನ್ನಿಂದ ಇನ್ನೂ ಆಗ್ತದೆ" ಎಂಬ ಧೈರ್ಯ ಬರುತ್ತದೆ. ನೀರಿನ ಲೋಟವನ್ನೂ ಬೇರೆಯವರು ತಂದುಕೊಡುವ ಮನೆಯಲ್ಲಿ ಆ ಧೈರ್ಯ ಮೊದಲು ಸಾಯುತ್ತದೆ.

ಹಾಗಂತ ವ್ಯಾಯಾಮ ಸರ್ವರೋಗಕ್ಕೂ ಮದ್ದು ಎಂದು ನಾವು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ 78 ವೃದ್ಧಾಶ್ರಮಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ವಾರಕ್ಕೆರಡು ಬಾರಿ ಫಿಸಿಯೋಥೆರಪಿಸ್ಟ್‌ಗಳೇ ಬಂದು ವ್ಯಾಯಾಮ ಮಾಡಿಸಿದರೂ ಅಲ್ಲಿನ ಹಿರಿಯರ ಖಿನ್ನತೆ ಕಡಿಮೆಯಾಗಲಿಲ್ಲ. ನಮಗನಿಸುವುದು ಇಷ್ಟು: ಎಲ್ಲ ಕಳೆದುಕೊಂಡು, ಪೂರ್ತಿ ನಿತ್ರಾಣರಾದ ಮೇಲೆ ಕೈಕಾಲು ಆಡಿಸಿದರೆ ಸಾಲದು. ಕಾಲಿನಲ್ಲಿ ಶಕ್ತಿ ಇರುವಾಗಲೇ, ತನ್ನ ಊರು, ತನ್ನ ಜನರ ನಡುವೆಯೇ ನಡೆಯಬೇಕು. ವ್ಯಾಯಾಮದ ಜೊತೆಗೆ ಸಂಗ ಬೇಕು, ನಡೆಯಲಿಕ್ಕೊಂದು ಕಾರಣ ಬೇಕು.

ಅದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ, ಮುಂಡಗೋಡಿಗೆ ಹೋದರೆ ಸಾಕು. 1966ರಿಂದ ಅಲ್ಲಿ ಟಿಬೆಟಿಯನ್ನರ ವಸತಿ ಇದೆ. ನಾವು 'ಲಾಮಾ ಕ್ಯಾಂಪ್' ಎಂದು ಕರೆಯುವ ಆ ಕಡೆ ಬೆಳಗ್ಗೆಯೋ ಸಂಜೆಯೋ ಹೋಗಿ ನೋಡಿ. ಬೆನ್ನು ಬಾಗಿದ ಅಜ್ಜ ಅಜ್ಜಿಯರು ಕೈಯಲ್ಲಿ ಜಪಮಾಲೆ ಹಿಡಿದು ತಮ್ಮ ಮಂದಿರದ ಸುತ್ತ ಸುತ್ತು ಹಾಕುತ್ತಿರುತ್ತಾರೆ. ನಿಧಾನ ನಡೆಯುವವರು ನಿಧಾನವಾಗಿ, ಊರುಗೋಲಿನವರು ಊರುಗೋಲು ಊರಿಕೊಂಡು. ಸುಸ್ತಾದರೆ ಕೂತು ಮಾತಾಡುತ್ತಾರೆ, ಮತ್ತೆ ಏಳುತ್ತಾರೆ. ಅವರಿಗೆ ಅದು ವ್ಯಾಯಾಮವಲ್ಲ, ಪ್ರಾರ್ಥನೆ. ಆದರೆ ಕಾಲಿಗೆ ಅದು ನಡಿಗೆ, ಮನಸ್ಸಿಗೆ ಅದು ಬಳಗ. ದೇಶ ಬಿಟ್ಟು ಬಂದ ಜನ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ಮರೆಯಲಿಲ್ಲ.

ಹಳಿಯಾಳದ ಕಡೆ ಸಿದ್ದಿಗಳ ಡಮಾಮಿ ಕುಣಿತ ನೋಡಿದವರಿಗೂ ಈ ಮಾತು ಅರ್ಥವಾದೀತು. ಸಿದ್ದಿಗಳಲ್ಲಿ ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಡೋಲಿನ ಪೆಟ್ಟು ಬಿದ್ದರೆ ಅಜ್ಜಿಯಂದಿರ ಕಾಲೂ ಸುಮ್ಮನಿರುವುದಿಲ್ಲ. ಯಾರೂ "ಈ ಪ್ರಾಯದಲ್ಲಿ ಇದೆಲ್ಲ ಎಂತಕ್ಕೆ" ಎಂದು ಕೇಳುವುದಿಲ್ಲ.

ಜೋಯಿಡಾದ ಮಾತು ಬೇರೆ. ಸೂಪಾ ಅಣೆಕಟ್ಟೆಯ ನೀರಿನಲ್ಲಿ ಹಳೆಯ ಸೂಪಾ ಪೇಟೆ ಮುಳುಗಿ, ತಾಲೂಕು ಕೇಂದ್ರವೇ ಜೋಯಿಡಾಕ್ಕೆ ಬಂದದ್ದು ಅಲ್ಲಿನ ಹಿರಿಯರಿಗೆ ಗೊತ್ತು. ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಬಸ್ಸಿಗೂ ನಡೆಯಬೇಕು, ರೇಷನ್ನಿಗೂ ನಡೆಯಬೇಕು. ಗೆಡ್ಡೆಗೆಣಸು ಬೆಳೆದು ಅಗೆದು ತೆಗೆಯುವ ಕುಣಬಿ ಅಜ್ಜಿಗೆ ನಾವು ಹೋಗಿ 'ವಾಕಿಂಗ್ ಮಾಡಿ' ಎಂದರೆ ಆಕೆ ನಕ್ಕಾಳು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ದುಡಿಮೆಯ ದಣಿವು ಮತ್ತು ಇಷ್ಟಪಟ್ಟು ಮಾಡುವ ನಡಿಗೆ ದೇಹಕ್ಕೆ ಹೆಚ್ಚುಕಡಿಮೆ ಒಂದೇ ಆದರೂ ಮನಸ್ಸಿಗೆ ಒಂದೇ ಅಲ್ಲ. ಬಿಡುವಿನಲ್ಲಿ, ತಾನಾಗಿ ಮಾಡುವ ಚಟುವಟಿಕೆಯೇ ಮನಸ್ಸಿಗೆ ಹೆಚ್ಚು ಹಿತ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರು ಹೇಳಿದ್ದಾರೆ.

ಈ ಮಾತನ್ನು ನಾವು ನಮ್ಮ ಮನೆಯ ಹೆಂಗಸರಿಗಾಗಿಯೇ ಒತ್ತಿ ಹೇಳುತ್ತಿದ್ದೇವೆ. ಗಂಡಸರಿಗಾದರೆ ಐದು ಹೊತ್ತು ಮಸೀದಿಗೆ ಹೋಗಿ ಬರುವ ದಾರಿಯಾದರೂ ಇದೆ, ದಾರಿಯಲ್ಲಿ ಚಹಾದಂಗಡಿ ಇದೆ. ಉಮ್ಮನಿಗೆ ಏನಿದೆ? "ಉಮ್ಮನಿಗೆ ಮನೆಗೆಲಸವೇ ವ್ಯಾಯಾಮ, ಬೇರೆ ಎಂತಕ್ಕೆ" ಎಂದು ನಾವೇ ಎಷ್ಟು ಸಲ ಹೇಳಿಲ್ಲ! ಅಕ್ಕಿ ರೊಟ್ಟಿ ತಟ್ಟುತ್ತಾ ಒಲೆಯ ಮುಂದೆ ನಿಂತದ್ದು ದುಡಿಮೆ. ಅದರಲ್ಲಿ ಗಾಳಿಯಿಲ್ಲ, ಬೆಳಕಿಲ್ಲ, ಗೆಳತಿಯಿಲ್ಲ. ಸೊಸೆ ಬಂದ ಮೇಲೆ ಆ ದುಡಿಮೆಯೂ ಕೈಬಿಟ್ಟು ಹೋಗಿ, ಕೋಣೆ, ಮಂಚ, ಮೊಣಕಾಲು ನೋವು ಇಷ್ಟೇ ಉಳಿಯುತ್ತದೆ. ಒಬ್ಬ ಉಮ್ಮ ಧೈರ್ಯ ಮಾಡಿ ಬುರ್ಖಾದ ಕೆಳಗೆ ಕ್ಯಾನ್ವಾಸ್ ಶೂ ಹಾಕಿ ಬೀದಿಗಿಳಿದರೆ ಕಿಟಕಿಯಿಂದ ನಗುವವರು ನಮ್ಮವರೇ. ಬಿಪಿ, ಶುಗರಿನ ಮಾತ್ರೆಗೆ ತಿಂಗಳಿಗೆ ಇಷ್ಟು ಎಂದು ತೆಗೆದಿಡುವ ಮಗನಿಗೆ, ಒಂದು ಜೊತೆ ಒಳ್ಳೆಯ ಶೂ ತಂದುಕೊಡುವುದು ನೆನಪಾಗುವುದಿಲ್ಲ.

ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಗತಿಯ ಚಟುವಟಿಕೆ. ಅಂದರೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ತಾಸು ಸಾಕು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಮಧ್ಯಮ ಗತಿ. ಇದರ ಜೊತೆ ವಾರಕ್ಕೆರಡು ದಿನ ಸ್ನಾಯು ಬಲಪಡಿಸುವ, ಮೂರು ದಿನ ತೋಲ ತಪ್ಪದಂತೆ ಮಾಡುವ ವ್ಯಾಯಾಮವೂ ಬೇಕು. ಇದಕ್ಕೆ ಜಿಮ್ ಬೇಡ. ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಒಂದು ಕಾಲಲ್ಲಿ ನಿಲ್ಲುವುದು, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಸಾಕು. ಕುರ್ಚಿಯನ್ನು ಬೈದದ್ದಕ್ಕೆ ಅದರ ಈ ಉಪಯೋಗವನ್ನೂ ಹೇಳಿದ್ದೇವೆ! 'ದಿನಕ್ಕೆ ಹತ್ತು ಸಾವಿರ ಹೆಜ್ಜೆ' ಎಂದು ಮೊಬೈಲು ಹೆದರಿಸಿದರೆ ಹೆದರಬೇಡಿ. ಸರಾಸರಿ 72ರ ಪ್ರಾಯದ ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. ಸೊನ್ನೆಯಿಂದ ಹತ್ತು ನಿಮಿಷಕ್ಕೆ ಬರುವುದೇ ದೊಡ್ಡ ಹೆಜ್ಜೆ.

ಸ್ವಲ್ಪ ಎಚ್ಚರವೂ ಬೇಕು. ಎದೆನೋವು, ಏದುಸಿರು, ತಲೆಸುತ್ತು ಇದ್ದವರು ವೈದ್ಯರನ್ನು ಕಂಡೇ ಶುರು ಮಾಡಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೂರ ನಡೆಯಬಾರದು, ಜೇಬಿನಲ್ಲಿ ಬೆಲ್ಲವೋ ಸಕ್ಕರೆಯೋ ಇರಲಿ. ಕಾಡಂಚಿನ ಊರುಗಳಲ್ಲಿ ನಸುಕಿನ ಕತ್ತಲಲ್ಲಿ ಒಬ್ಬರೇ ಹೋಗುವುದು ಬೇಡ. ಜೂನ್‌ನಿಂದ ಮಳೆ ಹಿಡಿದರೆ ದಾಂಡೇಲಿ, ಜೋಯಿಡಾದಲ್ಲಿ ಹೊರಗೆ ಕಾಲಿಡಲಾಗದ ದಿನಗಳೇ ಹೆಚ್ಚು. ಮನಸ್ಸು ಮಂಕಾಗುವುದೂ ಆಗಲೇ. ಆಗ ಜಗಲಿಯಲ್ಲಿ, ಹಾಲ್‌ನಲ್ಲಿ ನಡೆಯಿರಿ, ನಿಲ್ಲಿಸಬೇಡಿ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲ, ಊಟ ಬೇಡ, "ಸತ್ತರೆ ಸಾಕು" ಎಂಬ ಮಾತು ಬಂದರೆ ನಡಿಗೆಯೊಂದನ್ನೇ ನಂಬಿ ಕೂರಬೇಡಿ. ವೈದ್ಯರ ಬಳಿ ಕರೆದೊಯ್ಯಿರಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು. ಕೊಡುತ್ತಿರುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಇನ್ನು ನಮ್ಮ ಜಮಾಅತ್‌ಗಳಿಗೆ ಒಂದು ಮನವಿ. ಮದುವೆಗೆ, ಮನೆ ಕಟ್ಟಲು, ಶಾಲೆಯ ಫೀಸಿಗೆ ನೆರವಾಗುತ್ತೀರಿ, ಒಳ್ಳೆಯದು. ಹಿರಿಯರಿಗಾಗಿ ಖರ್ಚಿಲ್ಲದ ಒಂದು ಕೆಲಸ ಮಾಡಿ. ಸುಬಹಿ ನಮಾಝ್ ಮುಗಿದ ಮೇಲೆ ಹಿರಿಯರು ನೇರ ಮನೆಗೆ ಹೋಗದೆ ಒಟ್ಟಿಗೆ ಅರ್ಧ ತಾಸು ನಡೆಯುವ ರೂಢಿ ತನ್ನಿ. ಮದರಸದ ಅಂಗಳ ಮಕ್ಕಳು ಹೋದ ಮೇಲೆ ಖಾಲಿಯೇ ಇರುತ್ತದೆ. ವಾರದಲ್ಲಿ ಕೆಲವು ದಿನ ಒಂದು ಗಂಟೆ ಅದನ್ನು ಹಿರಿಯ ಹೆಂಗಸರಿಗೆ ಬಿಟ್ಟುಕೊಡಿ, ಆ ಹೊತ್ತು ಗಂಡಸರು ಅತ್ತ ಸುಳಿಯುವುದು ಬೇಡ. ದಾಂಡೇಲಿಯ ನಗರಸಭೆ, ಹಳಿಯಾಳದ ಪುರಸಭೆ, ಮುಂಡಗೋಡದ ಪಟ್ಟಣ ಪಂಚಾಯತ್, ಜೋಯಿಡಾದ ಗ್ರಾಮ ಪಂಚಾಯತ್ ಮುಂದೆ ಎಲ್ಲ ಸಮುದಾಯದವರೂ ಸೇರಿ ಕೇಳಬೇಕಾದದ್ದೂ ಇದೆ: ಎಡವದೆ ನಡೆಯಬಹುದಾದ ರಸ್ತೆ ಬದಿ, ನೂರಿನ್ನೂರು ಹೆಜ್ಜೆಗೊಂದು ಕಲ್ಲುಬೆಂಚು, ಸ್ವಚ್ಛ ಶೌಚಾಲಯ, ಉರಿಯುವ ಬೀದಿದೀಪ. ಮೂತ್ರಕ್ಕೆ ಎಲ್ಲಿ ಹೋಗುವುದು ಎಂಬ ಅಂಜಿಕೆಯಿಂದಲೇ ಎಷ್ಟೋ ಹಿರಿಯರು ಹೊರಡುವುದಿಲ್ಲ ಎಂಬುದು ಅಧಿಕಾರಿಗಳಿಗೆ ಹೊಳೆಯುವುದಿಲ್ಲ. ನಾವೇ ಹೇಳಬೇಕು.

ಮೊದಲು ಹೇಳಿದ ಆ ಮನೆಗೆ ನಾವು ಮೊನ್ನೆ ಹೋಗಿದ್ದೆವು. ಪಕ್ಕದ ಬೀದಿಯ ಹಳೆಯ ಸಹೋದ್ಯೋಗಿಯೊಬ್ಬರು ದಿನಾ ಬೆಳಗ್ಗೆ ಬಾಗಿಲು ತಟ್ಟಿ ಯಜಮಾನರನ್ನು ಕರೆದೊಯ್ಯಲು ಶುರು ಮಾಡಿ ಮೂರು ತಿಂಗಳಾಗಿತ್ತು. ಪವಾಡವೇನೂ ನಡೆದಿಲ್ಲ. ಮೊಣಕಾಲು ನೋವು ಇದೆ, ಸಿಟ್ಟೂ ಅಷ್ಟಿಷ್ಟು ಇದೆ. ಆದರೆ ರಾತ್ರಿ ನಿದ್ದೆ ಬರುತ್ತಿದೆಯಂತೆ. ನಾವು ಹೋದ ಹೊತ್ತಿಗೆ ಕುರ್ಚಿ ಖಾಲಿ ಇತ್ತು. "ಬಾಪ ಎಲ್ಲಿ?" ಎಂದು ಕೇಳಿದೆವು. "ಮೀನು ತರ್ಲಿಕ್ಕೆ ಹೋಗಿದ್ದಾರೆ, ಕರ್ಕೊಂಡು ಬರ್ಲಿಕ್ಕೆ ಬೈಕ್ ಕಳಿಸ್ತೇನೆ ಅಂದ್ರೆ ಬೈತಾರೆ" ಅಂದಳು ಸೊಸೆ.

ಬೈಯಲಿ ಬಿಡಿ. ನಿಮ್ಮ ಮನೆಯ ಹಿರಿಯರಿಗೂ ನಾಳೆ ಬೆಳಗ್ಗೆ ಚೀಲವೊಂದನ್ನು ಕೈಗೆ ಕೊಟ್ಟು, ಜೊತೆಗೆ ನೀವೂ ಹೊರಡಿ.