‘2 ಟನ್ ತಡೆಯುವ ಬೆಲ್ಟ್’ ಬಿದ್ದವರನ್ನು ಉಳಿಸುತ್ತದೆಯೇ? ಬೆಟ್ಟ ಹತ್ತುವ ಸಲಕರಣೆ ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಕೆಲವು ತಿಂಗಳ ಹಿಂದೆ ಒಂದು ವಿಡಿಯೊ ಬಂತು. ಸೊಂಟಕ್ಕೆ ಕಟ್ಟುವ ಒಂದು ಬೆಲ್ಟು, ಅದರ ಜೊತೆಗೊಂದು ಹಗ್ಗ. ಆ ಹಗ್ಗದಲ್ಲಿ ಕ್ರೇನೊಂದು ಕಾರನ್ನೇ ಎತ್ತಿ ತೋರಿಸುತ್ತದೆ. ಕೆಳಗೆ ಹೀಗೊಂದು ಬರಹ: ‘2 ಟನ್ ತಡೆಯುವ ಬೆಲ್ಟ್. ಬೆಟ್ಟ, ಮರ, ಕಟ್ಟಡ ಎಲ್ಲಕ್ಕೂ ಒಂದೇ ಸಾಕು. ಎಲ್ಲರಿಗೂ ಶೇರ್ ಮಾಡಿ.’

ಕುಣಿಗಲ್‌ನಲ್ಲಿರುವ ನಮ್ಮ ಚಿಕ್ಕಪ್ಪನ ಮಗ, ಸ್ನೇಹಿತರೊಂದಿಗೆ ಹುತ್ರಿದುರ್ಗ ಹತ್ತಲು ಇಂಥ ನಾಲ್ಕು ಬೆಲ್ಟ್ ತರಿಸಲು ಹೊರಟ. ಗುಬ್ಬಿ ಕಡೆಯ ಮಾವನ ತೋಟದಲ್ಲಿ ತೆಂಗಿನಕಾಯಿ ಕೀಳುವ ಅಣ್ಣ ತಮಗೂ ಒಂದು ಬೇಕು ಎಂದರು. ನಾವು ಅನುಮಾನ ತೋರಿಸಿದಾಗ ಅವರು ಕೇಳಿದ್ದಿಷ್ಟೆ: “ಎರಡು ಟನ್ ತಡೀತದೆ ಅಂತ ಬರ್ದವ್ರಲ್ಲ, ನಾನು ಎಪ್ಪತ್ತು ಕೆಜಿ. ಇನ್ನೇನು ಬೇಕು?”

ಪ್ರಶ್ನೆ ನ್ಯಾಯವಾದದ್ದೇ. ಬಂಡೆ ಹತ್ತುವವರಾಗಲಿ, ಮರ ಹತ್ತುವವರಾಗಲಿ, ಕೆಳಗೆ ಬೀಳುವಾಗ ಅನ್ವಯಿಸುವ ಭೌತಶಾಸ್ತ್ರ ಒಂದೇ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸಲಕರಣೆಯನ್ನು ಹೇಗೆ ಆರಿಸಬೇಕು ಎಂಬುದೂ ತಿಳಿಯುತ್ತದೆ.

ತೂಕ ಬೇರೆ, ಬೀಳುವ ಹೊಡೆತ ಬೇರೆ

ಒಂದು ತೆಳು ದಾರಕ್ಕೆ ತೆಂಗಿನಕಾಯಿ ಕಟ್ಟಿ ನಿಧಾನವಾಗಿ ತೂಗುಬಿಡಿ. ದಾರ ತಡೆಯುತ್ತದೆ. ಅದೇ ಕಾಯಿಯನ್ನು ಒಂದಡಿ ಮೇಲೆತ್ತಿ ಕೈಬಿಡಿ. ದಾರ ಪಟ್ಟೆಂದು ಹರಿಯುತ್ತದೆ. ಕಾಯಿಯ ತೂಕ ಬದಲಾಗಿಲ್ಲ, ಬದಲಾದದ್ದು ಹೊಡೆತ. ವಿಡಿಯೊದಲ್ಲಿ ಕ್ರೇನ್ ಕಾರನ್ನು ಎತ್ತಿದ್ದು ನಿಧಾನವಾಗಿ. ಮನುಷ್ಯ ಬೀಳುವುದು ಹಾಗಲ್ಲ.

ಲೆಕ್ಕ ಬಹಳ ಸರಳ. 70 ಕೆಜಿ ತೂಕದವರು 1 ಮೀಟರ್ ಕೆಳಗೆ ಬಿದ್ದು, ಹಿಗ್ಗದ ಬೆಲ್ಟು ಅವರನ್ನು 5 ಸೆಂಟಿಮೀಟರ್ ಅಂತರದಲ್ಲಿ ತಡೆದು ನಿಲ್ಲಿಸಿತು ಎಂದುಕೊಳ್ಳಿ. ಆಗ ದೇಹದ ಮೇಲೆ ಬೀಳುವ ಸರಾಸರಿ ಬಲ ಅವರ ತೂಕದ 21 ಪಟ್ಟು, ಅಂದರೆ ಸುಮಾರು 1,470 ಕೆಜಿಯ ಭಾರಕ್ಕೆ ಸಮ. ಅದೇ ವ್ಯಕ್ತಿಯನ್ನು ಹಿಗ್ಗುವ ಹಗ್ಗವೊಂದು 1 ಮೀಟರ್ ಅಂತರದಲ್ಲಿ ನಿಧಾನವಾಗಿ ನಿಲ್ಲಿಸಿದರೆ ಆ ಬಲ ತೂಕದ ಎರಡೇ ಪಟ್ಟು, ಅಂದರೆ 140 ಕೆಜಿಯಷ್ಟು.

ಮೊದಲ ಸಂದರ್ಭದಲ್ಲಿ 2 ಟನ್ ಬೆಲ್ಟು ಹರಿಯದೇ ಇರಬಹುದು. ಜಾಹೀರಾತು ಅಷ್ಟರ ಮಟ್ಟಿಗೆ ನಿಜವೇ ಹೇಳಿರಬಹುದು. ಆದರೆ ಬೆಲ್ಟಿನೊಳಗಿರುವ ಸೊಂಟ, ಬೆನ್ನುಮೂಳೆ, ಪಕ್ಕೆಲುಬು? ಅವಕ್ಕೆ 2 ಟನ್ ಗ್ಯಾರಂಟಿ ಯಾರೂ ಕೊಟ್ಟಿಲ್ಲ. ಕ್ಯಾಚ್ ಹಿಡಿಯುವ ಆಟಗಾರ ಚೆಂಡಿನ ಜೊತೆಗೇ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಇದೇ ಕಾರಣಕ್ಕೆ. ಒಳ್ಳೆಯ ಸಲಕರಣೆ ಗಟ್ಟಿಯಾಗಿದ್ದರಷ್ಟೇ ಸಾಲದು, ಮೆತ್ತಗೆ ಹಿಡಿಯಲೂ ಬೇಕು.

ಕೊಂಡಿಯ ಮೇಲಿನ ಅಂಕಿ ಏನು ಹೇಳುತ್ತದೆ?

ಹಗ್ಗ ಮತ್ತು ಬೆಲ್ಟನ್ನು ಜೋಡಿಸುವ ಲೋಹದ ಕೊಂಡಿಗೆ ಕ್ಯಾರಬೀನರ್ ಎನ್ನುತ್ತಾರೆ. ಅದರ ಮೇಲೆ 22, 7, 7 ಎಂಬಂಥ ಅಂಕಿಗಳಿರುತ್ತವೆ. ಇವು ಕಿಲೋನ್ಯೂಟನ್ ಲೆಕ್ಕ. 1 ಕಿಲೋನ್ಯೂಟನ್ ಎಂದರೆ ಸುಮಾರು 102 ಕೆಜಿ ಭಾರ.

ಮೊದಲ ಅಂಕಿ ಕೊಂಡಿಯನ್ನು ಉದ್ದಕ್ಕೆ ಎಳೆದಾಗಿನ ಬಲ. ಉಳಿದೆರಡು, ಅಡ್ಡಕ್ಕೆ ಎಳೆದಾಗ ಮತ್ತು ಬಾಯಿ ತೆರೆದುಕೊಂಡಿದ್ದಾಗಿನ ಬಲ. ಅಂದರೆ ಸುಮಾರು 2,200 ಕೆಜಿ ತಡೆಯುವ ಅದೇ ಕೊಂಡಿ, ಅಡ್ಡ ತಿರುಗಿದರೆ ಅಥವಾ ಬಾಯಿ ಮುಚ್ಚದಿದ್ದರೆ ಸುಮಾರು 700 ಕೆಜಿಗೇ ಕೈಕೊಡಬಹುದು. ಮಾರಾಟದ ಪೋಸ್ಟರ್‌ಗಳಲ್ಲಿ ಮೊದಲ ಅಂಕಿ ಮಾತ್ರ ದಪ್ಪಕ್ಷರದಲ್ಲಿರುತ್ತದೆ. ಕೀ ಗೊಂಚಲಿಗೆ ಮಾರುವ ಬಣ್ಣಬಣ್ಣದ ಕೊಂಡಿಗಳೂ ನೋಡಲು ಹೀಗೆಯೇ ಇರುತ್ತವೆ. ಅವು ಬೀಗದ ಕೈಗೆ ಮಾತ್ರ, ಜೀವಕ್ಕಲ್ಲ.

ಹಗ್ಗ: ಜಪಾನಿನ ಒಂದು ಪಾಠ

‘ಬೋರ್‌ವೆಲ್ ಮೋಟಾರನ್ನೇ ತಡೆಯುವ ಹಗ್ಗ ನಮ್ಮನ್ನು ತಡೆಯದೇ?’ ಎಂಬ ಮಾತೂ ನಮ್ಮ ಕಡೆ ಕೇಳಿಬರುತ್ತದೆ. ಮೋಟಾರ್ ಇಳಿಸುವ ನೀಲಿ, ಹಸಿರು ಪ್ಲಾಸ್ಟಿಕ್ ಹಗ್ಗಗಳು ಸ್ಥಿರ ಭಾರಕ್ಕೆ ಮಾಡಿದವು. ಬೀಳುವವರ ಹೊಡೆತ ಹೀರಲು ಅವನ್ನು ಮಾಡಿಲ್ಲ. ಜೊತೆಗೆ ಅವುಗಳಲ್ಲಿ ಬಳಸುವ ಪಾಲಿಎಥಿಲೀನ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಉಜ್ಜಾಟದ ಬಿಸಿಗೆ ಅದು ಬೇಗ ಸೋಲುತ್ತದೆ. ಬಂಡೆ ಹತ್ತುವ ಹಗ್ಗ ನೈಲಾನಿನದು. ಅದು ಕರಗಲು 200 ಡಿಗ್ರಿಗೂ ಹೆಚ್ಚು ಶಾಖ ಬೇಕು.

ಬೀಳುವ ಸಾಧ್ಯತೆ ಇರುವ ಕಡೆ ಬಳಸಬೇಕಾದದ್ದು ‘ಡೈನಮಿಕ್’ ಹಗ್ಗ. ಯುರೋಪಿನ ಇಎನ್ 892 ಮಾನದಂಡದಲ್ಲಿ ಒಂಟಿ ಹಗ್ಗಕ್ಕೆ 80 ಕೆಜಿ ಭಾರವನ್ನು ಕಟ್ಟಿ ಬೀಳಿಸಿ ಪರೀಕ್ಷಿಸುತ್ತಾರೆ. ಮೊದಲ ಬೀಳಿನ ಹೊಡೆತ 12 ಕಿಲೋನ್ಯೂಟನ್ ಮೀರಬಾರದು ಮತ್ತು ಹಗ್ಗ ಕನಿಷ್ಠ 5 ಬೀಳು ತಾಳಬೇಕು. ಹೊಡೆತಕ್ಕೆ ಮೇಲ್ಮಿತಿ ಇಟ್ಟಿದ್ದಾರೆ ಎಂಬುದನ್ನು ಗಮನಿಸಿ. ‘ಸ್ಟಾಟಿಕ್’ ಎಂದು ಮಾರುವ, ಹೆಚ್ಚು ಹಿಗ್ಗದ ಹಗ್ಗ ಇಳಿಯಲು ಮತ್ತು ರಕ್ಷಣಾ ಕೆಲಸಕ್ಕೆ ಸರಿ. ಅದನ್ನು ಕಟ್ಟಿಕೊಂಡು ಮೇಲಕ್ಕೆ ಹತ್ತಿ ಬಿದ್ದರೆ ಪೆಟ್ಟು ಜೋರು.

ಪ್ರದರ್ಶನದ ವಿಡಿಯೊ ನೋಡಿ ಹಗ್ಗ ನಂಬಬಾರದು ಎಂಬುದಕ್ಕೆ ಒಂದು ಹಳೆಯ ಉದಾಹರಣೆ ಇದೆ. 1955ರ ಜನವರಿಯಲ್ಲಿ ಜಪಾನಿನ ಹೊತಕಾ ಪರ್ವತದಲ್ಲಿ ಹೊಸ ನೈಲಾನ್ ಹಗ್ಗವೊಂದು ಬಂಡೆಯ ಅಂಚಿಗೆ ತಾಗಿ ತುಂಡಾಗಿ ವಿದ್ಯಾರ್ಥಿಯೊಬ್ಬ ಸತ್ತ. ಹಳೆಯ ನಾರಿನ ಹಗ್ಗಕ್ಕಿಂತ ಇದೇ ಗಟ್ಟಿ ಎಂಬ ಹೆಸರು ಅದಕ್ಕಿತ್ತು. ಅದೇ ಏಪ್ರಿಲ್‌ನಲ್ಲಿ ನಡೆದ ಬಹಿರಂಗ ಪರೀಕ್ಷೆಯಲ್ಲಿ ನೈಲಾನ್ ಹಗ್ಗ ತುಂಡಾಗಲಿಲ್ಲ. ತಪ್ಪು ಹತ್ತಿದವರದ್ದೇ ಇರಬೇಕು ಎಂದು ಜನ ಮಾತಾಡಿಕೊಂಡರು. ಆ ಪರೀಕ್ಷೆಯಲ್ಲಿ ಬಳಸಿದ ಕಲ್ಲಿನ ಅಂಚನ್ನು ಸ್ವಲ್ಪ ದುಂಡಾಗಿ ಉಜ್ಜಲಾಗಿತ್ತು ಎಂಬುದು ಆಮೇಲೆ ಬಯಲಾಯಿತು. ಸತ್ತವನ ಕುಟುಂಬ ವರ್ಷಗಟ್ಟಲೆ ಹೋರಾಡಿತು. ಪರ್ವತಾರೋಹಣದ ಹಗ್ಗಗಳಿಗೆ ಜಪಾನಿನಲ್ಲಿ ಸುರಕ್ಷತಾ ಮಾನದಂಡ ಬಂದದ್ದು 1975ರಲ್ಲಿ.

ಪರೀಕ್ಷೆಯಲ್ಲಿ ಯಾರೂ ಸುಳ್ಳು ಅಂಕಿ ಹೇಳಿರಲಿಲ್ಲ. ಬಂಡೆಯ ಚೂಪು ಅಂಚಿನ ಪ್ರಶ್ನೆಯನ್ನು ಕೇಳಲೇ ಇಲ್ಲ, ಅಷ್ಟೆ. ನಮಗೆ ಬಂದ ಕಾರೆತ್ತುವ ವಿಡಿಯೊ ಕೂಡ ಬೀಳುವ ಪ್ರಶ್ನೆಯನ್ನು ಕೇಳಿಲ್ಲ.

ಬೆಲ್ಟು: ಅಳತೆ ತಪ್ಪಿದರೆ ಗಟ್ಟಿತನ ವ್ಯರ್ಥ

ಬಂಡೆ ಹತ್ತುವವರು ತೊಡುವುದು ಸೊಂಟದ ಪಟ್ಟಿಯ ಜೊತೆಗೆ ಎರಡು ತೊಡೆಗಳಿಗೂ ಪಟ್ಟಿ ಇರುವ ಹಾರ್ನೆಸ್. ಬರೀ ಸೊಂಟದ ಬೆಲ್ಟಿನಲ್ಲಿ ಬಿದ್ದು ನೇತಾಡಿದರೆ ಅದು ಮೇಲಕ್ಕೆ ಜಾರಿ ಪಕ್ಕೆಲುಬು ಒತ್ತುತ್ತದೆ, ಉಸಿರಾಡಲು ಬಿಡುವುದಿಲ್ಲ. ವಿಡಿಯೊದಲ್ಲಿದ್ದದ್ದು ಇಂಥದ್ದೇ ಬೆಲ್ಟು.

ಹಾರ್ನೆಸ್ ಕೊಳ್ಳುವಾಗ ಅಥವಾ ಬಾಡಿಗೆಗೆ ಪಡೆಯುವಾಗ ಇಷ್ಟು ನೋಡಿ:

• ಸೊಂಟದ ಪಟ್ಟಿ ಸೊಂಟದ ಮೂಳೆಗಿಂತ ಮೇಲೆ ಕೂರಬೇಕು. ಬಿಗಿದ ಮೇಲೆ ಎರಡೂ ಕೈಯಿಂದ ಕೆಳಕ್ಕೆ ಎಳೆಯಿರಿ. ಮೂಳೆ ದಾಟಿ ಇಳಿದರೆ ಅದು ನಿಮ್ಮ ಅಳತೆಯದಲ್ಲ. ತಲೆಕೆಳಗಾಗಿ ಬಿದ್ದರೆ ಅದರಿಂದ ಜಾರಿ ಹೋಗಬಹುದು.
• ಪಟ್ಟಿ ಮತ್ತು ಹೊಟ್ಟೆಯ ನಡುವೆ ಎರಡು ಬೆರಳು ಚಪ್ಪಟೆಯಾಗಿ ತೂರಬೇಕು. ಮುಷ್ಟಿ ತೂರಬಾರದು.
• ಬಕಲ್ ಬಿಗಿದ ಮೇಲೆ ಪಟ್ಟಿಯ ತುದಿ ಕನಿಷ್ಠ 3 ಇಂಚು ಹೊರಗೆ ಉಳಿಯಬೇಕು.
• ಸಾಧ್ಯವಾದರೆ ಅಂಗಡಿಯಲ್ಲೇ ಕೆಲ ನಿಮಿಷ ನೇತಾಡಿ ನೋಡಿ. ನಿಂತಾಗ ಸರಿಯೆನಿಸಿದ್ದು ನೇತಾಡಿದಾಗ ತೊಡೆ ಕೊಯ್ಯಬಹುದು.
• ಚಿಕ್ಕ ಮಕ್ಕಳಿಗೆ ಸೊಂಟದ ಮೂಳೆ ಇನ್ನೂ ಅಗಲವಾಗಿರುವುದಿಲ್ಲ. ಅವರಿಗೆ ಭುಜದ ಪಟ್ಟಿಯೂ ಇರುವ ಪೂರ್ಣ ದೇಹದ ಹಾರ್ನೆಸ್ ಬೇಕು.

ಮರ, ಕಟ್ಟಡ, ಟವರ್ ಹತ್ತುವ ಕೆಲಸಕ್ಕೂ ಪೂರ್ಣ ದೇಹದ ಹಾರ್ನೆಸ್ಸೇ ಸೂಕ್ತ. ಅದರ ಜೊತೆ ಬರುವ ಹೊಡೆತ ಹೀರುವ ಪಟ್ಟಿ ಬೀಳುವಾಗ ಹೊಲಿಗೆ ಬಿಚ್ಚಿಕೊಂಡು ಉದ್ದವಾಗುತ್ತದೆ. ಯುರೋಪಿನ ಮಾನದಂಡದಂತೆ ಅದು ಹೊಡೆತವನ್ನು 6 ಕಿಲೋನ್ಯೂಟನ್ ಒಳಗೆ ಇಡಬೇಕು. ಆದರೆ ಅದು ಉದ್ದವಾಗಲು ಕೆಳಗೆ ಸಾಕಷ್ಟು ಜಾಗ ಇರಬೇಕು ಎಂಬುದನ್ನು ಮರೆಯಬಾರದು.

ನಮ್ಮ ಬೆಟ್ಟಗಳಿಗೆ ಮೊದಲು ಬೇಕಾದದ್ದು ಶೂ

ದೇವರಾಯನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಮಧುಗಿರಿ. ತುಮಕೂರು ಜಿಲ್ಲೆಯ ಈ ಬೆಟ್ಟಗಳಿಗೆ ಹೋಗುವ ಬಹುತೇಕರು ಮೆಟ್ಟಿಲು ಮತ್ತು ಕಾಲುದಾರಿಯಲ್ಲೇ ಹತ್ತುತ್ತಾರೆ. ಹಗ್ಗ ಕಟ್ಟಿ ಬಂಡೆ ಹತ್ತುವವರು ಹೆಚ್ಚಾಗಿ ರಾಮನಗರ, ಸಾವನದುರ್ಗ, ಬಾದಾಮಿ ಕಡೆ ಹೋಗುತ್ತಾರೆ. ಹಾಗಾಗಿ ಇಲ್ಲಿ ಕಾಲು ಜಾರುವುದೇ ದೊಡ್ಡ ಅಪಾಯ.

ಶೂಗಳ ಮಹತ್ವ ಜಗತ್ತಿಗೆ ತಿಳಿದದ್ದೂ ಸಾವುಗಳಿಂದಲೇ. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ಆರು ಮಂದಿ ಪರ್ವತಾರೋಹಿಗಳು ಸತ್ತರು. ಅವರ ಪಾದರಕ್ಷೆ ಆ ಹವೆಗೆ ತಕ್ಕದ್ದಾಗಿರಲಿಲ್ಲ. ಅವರ ಜೊತೆಗಾರ ವಿಟಾಲೆ ಬ್ರಮಾನಿ ಆ ನೋವಿನಿಂದಲೇ ಆಳವಾದ ಹಲ್ಲುಗಳಿರುವ ರಬ್ಬರ್ ಅಟ್ಟೆ ರೂಪಿಸಿದರು. ಇಂದಿನ ‘ವಿಬ್ರಮ್’ ಅಟ್ಟೆ ಅವರ ಹೆಸರಿನಿಂದಲೇ ಬಂದದ್ದು.

ಶೂ ಆರಿಸುವಾಗ ಸಂಜೆ ಹೊತ್ತು ಹೋಗಿ, ಏಕೆಂದರೆ ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಬೆಟ್ಟಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನೋಡಿ. ಅಂಗಡಿಯ ಮೆಟ್ಟಿಲು ಇಳಿದು ನೋಡುವುದನ್ನು ಮರೆಯಬೇಡಿ. ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ಬಡಿದರೆ ಬೆಟ್ಟ ಇಳಿಯುವಷ್ಟರಲ್ಲಿ ಉಗುರು ಕಪ್ಪಾಗುತ್ತದೆ. ಹತ್ತುವಾಗ ಹಿಮ್ಮಡಿ ಮೇಲೆದ್ದರೆ ಬೊಬ್ಬೆ ಏಳುತ್ತದೆ.

ಅಟ್ಟದ ಮೇಲೆ ವರ್ಷಗಟ್ಟಲೆ ಇಟ್ಟ ಶೂವನ್ನು ನೇರವಾಗಿ ಬೆಟ್ಟಕ್ಕೆ ಹಾಕಿಕೊಂಡು ಹೋಗಬೇಡಿ. ಹಲವು ಶೂಗಳ ಅಟ್ಟೆಯ ನಡುವಿನ ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೆ ಪುಡಿಯಾಗುತ್ತದೆ. ಬಳಸದಿದ್ದರೂ ಅಟ್ಟೆ ಕಿತ್ತು ಬರುತ್ತದೆ.

ಬಂಡೆ ಹತ್ತುವ ವಿಶೇಷ ಶೂಗಳ ಬಗ್ಗೆ ‘ಎರಡು ಸೈಜ್ ಚಿಕ್ಕದು ತಗೊಳ್ಳಿ’ ಎಂಬ ಸಲಹೆ ಓಡಾಡುತ್ತದೆ. ಹೊಸಬರಿಗೆ ಇದು ಬೇಡ. ಬೆರಳುಗಳು ಮುಂದಿನ ತುದಿಗೆ ತಾಗಿ, ಹಿಮ್ಮಡಿಯಲ್ಲಿ ಖಾಲಿ ಜಾಗ ಇಲ್ಲದೆ, ತಡೆಯಲಾಗದ ನೋವೂ ಇಲ್ಲದಿದ್ದರೆ ಅದೇ ಸರಿಯಾದ ಅಳತೆ. ಚರ್ಮದ ಶೂ ಬಳಸುತ್ತಾ ಹಿಗ್ಗುತ್ತದೆ, ಸಿಂಥೆಟಿಕ್ ಅಷ್ಟಾಗಿ ಹಿಗ್ಗುವುದಿಲ್ಲ.

ಎಂಥ ದುಬಾರಿ ಅಟ್ಟೆಯೂ ಮಳೆಯಲ್ಲಿ ಪಾಚಿ ಕಟ್ಟಿದ ಬಂಡೆಯ ಮೇಲೆ, ಒಣ ಬಂಡೆಯ ಮೇಲಿನ ಸಣ್ಣ ಮರಳಿನ ಮೇಲೆ ಜಾರುತ್ತದೆ. ಆ ದಿನ ಹಿಂದಿರುಗುವುದೇ ಜಾಣತನ.

ಬೈಕ್ ಹೆಲ್ಮೆಟ್ ಸಾಲದೇ?

ಸಾಲದು. ಬೈಕ್ ಹೆಲ್ಮೆಟ್ ರಸ್ತೆಯ ಅಪಘಾತಕ್ಕೆಂದು ಮಾಡಿದ್ದು. ಅದು ಭಾರ, ಬಿಸಿ. ಕಿವಿ ಮುಚ್ಚುವುದರಿಂದ ‘ಕಲ್ಲು ಬಂತು’ ಎಂದು ಮೇಲಿನವರು ಕೂಗಿದರೂ ಸರಿಯಾಗಿ ಕೇಳುವುದಿಲ್ಲ, ಕತ್ತೆತ್ತಿ ನೋಡುವುದೂ ಕಷ್ಟ. ಪರ್ವತಾರೋಹಣದ ಹೆಲ್ಮೆಟ್ಟಿನ ಇಎನ್ 12492 ಪರೀಕ್ಷೆಯಲ್ಲಿ 5 ಕೆಜಿ ಭಾರವನ್ನು 2 ಮೀಟರ್ ಎತ್ತರದಿಂದ ನೆತ್ತಿಯ ಮೇಲೆ ಬೀಳಿಸಿ, ತಲೆಗೆ ತಲುಪುವ ಬಲ 10 ಕಿಲೋನ್ಯೂಟನ್ ಮೀರದಂತೆ ನೋಡುತ್ತಾರೆ. ಗದ್ದದ ಪಟ್ಟಿ ಕಟ್ಟುವ ಮುನ್ನವೇ ತಲೆ ಅಲ್ಲಾಡಿಸಿ ನೋಡಿ. ಹೆಲ್ಮೆಟ್ ತಲೆಯ ಜೊತೆಗೇ ಅಲ್ಲಾಡಿದರೆ ಅಳತೆ ಸರಿ.

ಫೋನಿನಲ್ಲೇ ಪರೀಕ್ಷಿಸುವುದು ಹೇಗೆ?

ಭಾರತದಲ್ಲಿ ಎತ್ತರದ ಕೆಲಸದ ಬೆಲ್ಟು, ಹಾರ್ನೆಸ್‌ಗಳ ಮಾನದಂಡ ಐಎಸ್ 3521. ಐಎಸ್‌ಐ ಗುರುತಿದ್ದರೆ ಅದರ ಕೆಳಗಿನ ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಅದು ಅಸಲಿಯೇ ಎಂದು ತಿಳಿಯುತ್ತದೆ. ಬಂಡೆ ಹತ್ತುವ ಸಲಕರಣೆಗೆ ಸಿಇ ಗುರುತಿನ ಪಕ್ಕ ನಾಲ್ಕಂಕಿಯ ಸಂಖ್ಯೆ ಮತ್ತು ಇಎನ್ ಸಂಖ್ಯೆ ಅಥವಾ ಯುಐಎಎ ಗುರುತು ಇರುತ್ತದೆ. ಬರೀ ‘ಸಿಇ’ ಎಂಬ ಎರಡಕ್ಷರ ಅಚ್ಚಾಗಿದ್ದರೆ ನಂಬಬೇಡಿ.

ತಯಾರಾದ ದಿನಾಂಕವನ್ನೂ ನೋಡಿ. ಹಗ್ಗ, ಹಾರ್ನೆಸ್‌ಗಳನ್ನು ಒಮ್ಮೆಯೂ ಬಳಸದಿದ್ದರೂ 10 ವರ್ಷ ದಾಟಿದ ಮೇಲೆ ಬಳಸಬಾರದು ಎಂಬುದು ಬಹುತೇಕ ತಯಾರಕರ ಸಲಹೆ. ಬಿಸಿಲು ಮತ್ತು ಬ್ಯಾಟರಿ ಆಸಿಡ್ ನೈಲಾನನ್ನು ಕಣ್ಣಿಗೆ ಕಾಣದಂತೆ ದುರ್ಬಲಗೊಳಿಸುತ್ತವೆ. ಹಿಂದಿನ ಕಥೆ ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಹಗ್ಗ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಕೊನೆಗೆ ಆದದ್ದೇನು?

ಚಿಕ್ಕಪ್ಪನ ಮಗ ಬೆಲ್ಟ್ ತರಿಸಲಿಲ್ಲ. ಹುತ್ರಿದುರ್ಗದ ದಾರಿಗೆ ಅದರ ಅಗತ್ಯವೇ ಇರಲಿಲ್ಲ. ಒಳ್ಳೆಯ ಶೂ, ನೀರು ಮತ್ತು ಮಧ್ಯಾಹ್ನದೊಳಗೆ ಇಳಿಯುವ ಯೋಜನೆ ಸಾಕಾಯಿತು. ಬಂಡೆ ಹತ್ತುವುದನ್ನೇ ಕಲಿಯಬೇಕೆಂದಿದ್ದರೆ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ತರಬೇತಿ ಪಡೆದು, ಅಲ್ಲಿನ ಸಲಕರಣೆ ಬಳಸಿ ನೋಡಿ, ಆಮೇಲೆ ಕೊಳ್ಳುವುದು ಒಳ್ಳೆಯದು.

ಕಾಯಿ ಕೀಳುವ ಅಣ್ಣನಿಗೆ ಮಾವ ಪೂರ್ಣ ದೇಹದ ಹಾರ್ನೆಸ್ ಕೊಡಿಸಿದರು, ಅಂಗಡಿಯಲ್ಲಿ ತೊಡಿಸಿ ನೋಡಿದ ಮೇಲೆ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದಲ್ಲಿ ಮರ ಹತ್ತುವ ತರಬೇತಿ ನಡೆಸುತ್ತಿದೆ. ಮರ ಹತ್ತುವವರಿಗೆ ‘ಕೇರ ಸುರಕ್ಷಾ’ ಎಂಬ ವಿಮೆಯೂ ಇದೆ. ಇವೆರಡರ ಬಗ್ಗೆ ಅವರು ಕೇಳಿಯೇ ಇರಲಿಲ್ಲ. ಬೆಲ್ಟಿನ ವಿಡಿಯೊ ಮಾತ್ರ ಅವರಿಗೆ ಮೂರು ಗುಂಪುಗಳಿಂದ ಬಂದಿತ್ತು.

ಇಂಥ ವಿಡಿಯೊ ನಿಮಗೂ ಬಂದರೆ, ಮುಂದೆ ಕಳಿಸುವ ಮುನ್ನ ‘ಎಷ್ಟು ಟನ್ ತಡೆಯುತ್ತದೆ?’ ಎಂಬುದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿಕೊಳ್ಳಿ: ಬಿದ್ದರೆ ಇದು ಎಷ್ಟು ಮೆತ್ತಗೆ ಹಿಡಿಯುತ್ತದೆ? ತೊಡುವವರ ಮೈಗೆ ಇದು ಸರಿಯಾಗಿ ಕೂರುತ್ತದೆಯೇ? ಉತ್ತರ ಸಿಗದಿದ್ದರೆ ಶೇರ್ ಮಾಡಬೇಡಿ. ನಿಮ್ಮ ಗುಂಪಿನಲ್ಲೂ ಅದನ್ನು ನಂಬಿ ಮರವನ್ನೋ ಬೆಟ್ಟವನ್ನೋ ಹತ್ತುವವರು ಇರಬಹುದು.