ಲಸಿಕೆಯ ಊರಿಗೆ ಆಮದು ಪ್ರೋಟೀನು

ಹೈದರಾಬಾದಿನ ರೋಗನಿರೋಧಕ ವಿಜ್ಞಾನದ ಪ್ರಯೋಗಾಲಯಗಳ ಫ್ರೀಜರುಗಳಲ್ಲಿ ಕಿರುಬೆರಳಿನಷ್ಟು ಪುಟ್ಟ ಸೀಸೆಗಳಿರುತ್ತವೆ. ಬೆಳಕಿಗೆ ಹಿಡಿದರೂ ಒಳಗೆ ಏನೂ ಇದ್ದಂತೆ ಕಾಣದು. ತಳಕ್ಕೆ ಅಂಟಿಕೊಂಡಿರುವುದು 10 ಮೈಕ್ರೋಗ್ರಾಂ ಪ್ರೋಟೀನು. ಪುಡಿಯುಪ್ಪಿನ ಒಂದು ಕಣವೂ ಅದಕ್ಕಿಂತ ಹೆಚ್ಚು ತೂಗುತ್ತದೆ. ಅದು ಇಂಟರ್‌ಲ್ಯೂಕಿನ್-2 ಇರಬಹುದು, ಟಿಎನ್‌ಎಫ್ ಇರಬಹುದು, ಇಂಟರ್‌ಫೆರಾನ್ ಇರಬಹುದು. ಸೋಂಕು ತಗುಲಿದಾಗ ಮನುಷ್ಯನ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಇಂಥ ಪ್ರೋಟೀನುಗಳ ಮೂಲಕ. ಕ್ಷಯ, ಡೆಂಗಿ, ಕ್ಯಾನ್ಸರ್ ಯಾವುದನ್ನು ಅಭ್ಯಾಸ ಮಾಡಲು ಹೊರಟರೂ ಇವುಗಳ ಅಗತ್ಯ ಬೀಳುತ್ತದೆ. ಸೀಸೆಯ ಮೇಲೆ ‘ಸಂಶೋಧನೆಯ ಬಳಕೆಗೆ ಮಾತ್ರ’ ಎಂಬ ಚೀಟಿ. ತಯಾರಾದದ್ದು ಬಹುತೇಕ ಸಲ ಸಾಗರದಾಚೆ. ಬೆಲೆ ಹತ್ತಾರು ಸಾವಿರ ರೂಪಾಯಿಗೆ ಏರುವುದು ಮಾಮೂಲು.

ತಯಾರಿಸಲು ಬಾರದ ಊರಾಗಿದ್ದರೆ ಮರುಗಿ ಸುಮ್ಮನಾಗಬಹುದಿತ್ತು. ಆದರೆ ಇದು ಹೈದರಾಬಾದ್. ವರಪ್ರಸಾದ ರೆಡ್ಡಿ 1993ರಲ್ಲಿ ತಾಯಿಯ ಹೆಸರಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಕಟ್ಟಿದ್ದು ಇಲ್ಲೇ. ಅದರ ಆರಂಭದ ಕೆಲಸ ನಡೆದದ್ದು ಉಸ್ಮಾನಿಯಾ ವಿಶ್ವವಿದ್ಯಾಲಯ ಮತ್ತು ಸಿಸಿಎಂಬಿಯ ಪ್ರಯೋಗಾಲಯಗಳಲ್ಲಿ, ಅಂದರೆ ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ಸಂಸ್ಥೆಗಳಲ್ಲಿ. 1997ರಲ್ಲಿ ಭಾರತದ ಮೊದಲ ಮರುಸಂಯೋಜಿತ ಹೆಪಟೈಟಿಸ್-ಬಿ ಲಸಿಕೆ ಹೊರಬಂತು; ಆಮದು ಲಸಿಕೆಯ ದುಬಾರಿ ಬೆಲೆ ನೆಲಕ್ಕಿಳಿಯಿತು. ಮುಂದೆ ಅದೇ ಕಂಪನಿ ಮನುಷ್ಯನ ಇಂಟರ್‌ಫೆರಾನನ್ನೂ ಔಷಧಿಯಾಗಿ ಮಾರಿತು. ಇದೇ ಊರಿನ ಡಾ. ರೆಡ್ಡೀಸ್ 2001ರಲ್ಲಿ ಬಿಳಿರಕ್ತಕಣ ಹೆಚ್ಚಿಸುವ ಮಾನವ ಪ್ರೋಟೀನನ್ನು ಮಾರುಕಟ್ಟೆಗೆ ತಂದಿತು. ರೋಗಿಯ ಮೈಗೆ ಚುಚ್ಚುವಷ್ಟು ಶುದ್ಧವಾಗಿ ಇವನ್ನು ತಯಾರಿಸಬಲ್ಲ ಊರು, ಪ್ರಯೋಗಾಲಯದ ತಟ್ಟೆಗೆ ಹಾಕುವ ಚಿಟಿಕೆ ಪ್ರೋಟೀನಿಗೆ ಪರದೇಶದ ದಾರಿ ಕಾಯುತ್ತಿದೆ. ಇದಕ್ಕೆ ವಿಜ್ಞಾನದ ಕೊರತೆ ಕಾರಣವೆನ್ನುವುದು ಸುಳ್ಳು.

ತಯಾರಿಯಲ್ಲಿ ಗುಟ್ಟೇನೂ ಉಳಿದಿಲ್ಲ. 1970ರ ದಶಕದಲ್ಲಿ ಫಿನ್ಲೆಂಡಿನ ಕಾರಿ ಕಾಂಟೆಲ್ ದಾನಿಗಳ ರಕ್ತವನ್ನು ರಾಶಿ ರಾಶಿ ಬಳಸಿ ತುಸುವೇ ಇಂಟರ್‌ಫೆರಾನ್ ತೆಗೆಯುತ್ತಿದ್ದರು. 1980ರ ಹೊತ್ತಿಗೆ ಅದರ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಅದರಿಂದಲೇ ಮಾಡಿಸಿದ್ದಾಯಿತು. 1983ರಲ್ಲಿ ಜಪಾನಿನ ತನಿಗುಚಿ ತಂಡ ಇಂಟರ್‌ಲ್ಯೂಕಿನ್-2ರ ಜೀನನ್ನು ಬಿಡಿಸಿ ತೋರಿಸಿತು. ಆ ಕಾಲದ ಪೇಟೆಂಟುಗಳ ಅವಧಿ ಮುಗಿದು ಎಷ್ಟೋ ವರ್ಷವಾಯಿತು. ಜೀನುಗಳ ವಿವರ ಯಾರು ಬೇಕಾದರೂ ನೋಡಬಹುದಾದ ಭಂಡಾರಗಳಲ್ಲಿದೆ. ಸಂಶೋಧನೆಯ ಸೀಸೆಗೆ ಔಷಧಿಯಂತೆ ರೋಗಿಗಳ ಮೇಲಿನ ಪ್ರಯೋಗವೂ ಬೇಕಿಲ್ಲ.

ಗುಣಮಟ್ಟದ ಆಕ್ಷೇಪವೊಂದಿದೆ, ಅದು ಹುರುಳಿಲ್ಲದ್ದಲ್ಲ. ಇ. ಕೋಲಿ ಬ್ಯಾಕ್ಟೀರಿಯಾದ ಹೊರಪದರದ ಎಂಡೋಟಾಕ್ಸಿನ್ ಲವಲೇಶ ಉಳಿದರೂ ಬಿಳಿಕಣಗಳು ಕೆರಳುತ್ತವೆ. ಆಗ ವಿದ್ಯಾರ್ಥಿ ಪ್ರೋಟೀನಿನ ಪರಿಣಾಮವೆಂದು ಬರೆದುಕೊಂಡದ್ದು ಕೊಳೆಯ ಪರಿಣಾಮವಾಗಿರುತ್ತದೆ. ಆದರೆ ಎಂಡೋಟಾಕ್ಸಿನ್ ಅಳೆಯುವುದು ಲಸಿಕೆ ಕಾರ್ಖಾನೆಗಳ ದಿನನಿತ್ಯದ ಕೆಲಸ. ಟಿಎನ್‌ಎಫ್ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಇಲಿಯ ಎಲ್929 ಕೋಶಗಳು ಎಷ್ಟು ಸಾಯುತ್ತವೆಂದು ನೋಡಿದರಾಯಿತು. ಹೋಲಿಸಲು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಮಾದರಿಗಳಿವೆ. ಪರೀಕ್ಷೆ ಮಾಡಿ ಅದರ ಫಲವನ್ನು ಪ್ರತಿ ತಂಡದ ಸೀಸೆಯೊಂದಿಗೆ ಪ್ರಕಟಿಸಿದರೆ ನಂಬಿಕೆ ತಾನಾಗಿ ಬರುತ್ತದೆ.

ಅಷ್ಟು ಮಾಡುವ ಬದಲು ದೆಹಲಿ ಹಿಡಿದ ದಾರಿಯೇ ಬೇರೆ. 2024ರ ಜುಲೈ ಬಜೆಟ್ಟಿನಲ್ಲಿ ಪ್ರಯೋಗಾಲಯದ ರಾಸಾಯನಿಕಗಳ ಮೂಲ ಆಮದು ಸುಂಕ ಶೇ 10ರಿಂದ ಶೇ 150ಕ್ಕೆ ಜಿಗಿಯಿತು. ವಿಜ್ಞಾನಿಗಳು ಬೊಬ್ಬೆ ಹಾಕಿದ ಮೇಲೆ, ಕೆಲವೇ ದಿನಗಳಲ್ಲಿ, ಪ್ರಯೋಗಾಲಯದ ಬಳಕೆಗೆ ಹಳೆಯ ದರ ಮರಳಿತು. ಹಸು ಕಟ್ಟದೆ ಹಾಲಿನವನನ್ನು ಓಡಿಸುವ ಈ ಬಗೆಯ ಸ್ವಾವಲಂಬನೆ ಯಾರ ಹೊಟ್ಟೆಯನ್ನೂ ತುಂಬದು. ದೊಡ್ಡ ಅನುದಾನವಿರುವ ಸಂಸ್ಥೆ ಹೇಗೋ ನಿಭಾಯಿಸೀತು. ಕಲಬುರಗಿಯಲ್ಲೋ ವರಂಗಲ್ಲಿನಲ್ಲೋ ಪಿಎಚ್‌ಡಿ ಮಾಡುವ ಹುಡುಗಿ ಮೂರು ಸಲ ಮಾಡಬೇಕಾದ ಪ್ರಯೋಗವನ್ನು ಒಂದೇ ಸಲಕ್ಕೆ ನಿಲ್ಲಿಸಬೇಕಾಗುತ್ತದೆ, ಇಲ್ಲವೇ ಪ್ರಶ್ನೆಯನ್ನೇ ಬದಲಿಸಬೇಕಾಗುತ್ತದೆ.

ಮಾರುಕಟ್ಟೆಯೇ ಇದನ್ನು ಸರಿಪಡಿಸುತ್ತದೆ ಎನ್ನುವವರು ಬೆಂಗಳೂರಿನತ್ತ ನೋಡಲಿ. 1989ರಲ್ಲಿ ಶುರುವಾದ ಬ್ಯಾಂಗಲೂರ್ ಜಿನೈ ದೇಶದ ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಕಿಣ್ವಗಳನ್ನು ಒದಗಿಸಿತು. ಕೊನೆಗೆ ಜರ್ಮನಿಯ ಮರ್ಕ್ ಪಾಲಾಯಿತು. ಶಾಂತಾ 2009ರಲ್ಲಿ ಫ್ರಾನ್ಸಿನ ಸನೋಫಿಯ ಕೈ ಸೇರಿತು. ಮಾರಿದವರ ತಪ್ಪೆಂದಲ್ಲ. ಕಂಪನಿ ಕೈಬದಲಾಗುತ್ತದೆ, ಲಾಭವಿಲ್ಲದ ಸರಕನ್ನು ಕೈಬಿಡುತ್ತದೆ. ವರ್ಷಕ್ಕೆ ಕೆಲವೇ ಸೀಸೆ ಖರ್ಚಾಗುವ ಪ್ರೋಟೀನನ್ನು ಅದರ ಭರವಸೆಗೆ ಬಿಡಲಾಗದು.

ಬೇಕಿರುವುದು ಸಾರ್ವಜನಿಕ ಪ್ರೋಟೀನ್ ಭಂಡಾರ. ಇದು ಹೊಸ ಕಲ್ಪನೆಯೂ ಅಲ್ಲ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ದಶಕಗಳಿಂದ ದೇಶದ ಪ್ರಯೋಗಾಲಯಗಳಿಗೆ ಜೀವಕೋಶ ಕೊಡುತ್ತಿದೆ. ಚಂಡೀಗಢದ ಇಮ್ಟೆಕ್ ಸೂಕ್ಷ್ಮಜೀವಿ ಕೊಡುತ್ತಿದೆ. ಸಿಸಿಎಂಬಿ, ಹೈದರಾಬಾದ್ ವಿಶ್ವವಿದ್ಯಾಲಯ ಮತ್ತು ಜೀನೋಮ್ ವ್ಯಾಲಿಯ ಕಾರ್ಖಾನೆಗಳಿರುವ ಊರಿನಲ್ಲಿ ಹೆಚ್ಚು ಬೇಡಿಕೆಯ ಇಪ್ಪತ್ತು ಪ್ರೋಟೀನುಗಳನ್ನು ತಯಾರಿಸಿ, ಪರೀಕ್ಷಿಸಿ, ತಗಲಿದ ವೆಚ್ಚಕ್ಕೇ ಹಂಚಲು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ.

ಅಡ್ಡಿಯಿರುವುದು ಮನಸ್ಸಿನಲ್ಲಿ. ಒಳ್ಳೆಯ ಪ್ರೋಟೀನು ತಯಾರಿಸಿ ಹತ್ತು ಪ್ರಯೋಗಾಲಯಗಳಿಗೆ ಕೊಟ್ಟವರಿಗೆ ಬಡ್ತಿ ಸಿಗುವುದಿಲ್ಲ. ಅದೇ ಪ್ರೋಟೀನನ್ನು ಕೊಂಡು ಲೇಖನ ಬರೆದವರಿಗೆ ಸಿಗುತ್ತದೆ. ಅನುದಾನ ಕೊಡುವ ಜೈವಿಕ ತಂತ್ರಜ್ಞಾನ ಇಲಾಖೆ ಮೊದಲು ತಿದ್ದಬೇಕಾದದ್ದು ಈ ಲೆಕ್ಕವನ್ನು. ಸುಂಕದ ಮಾತು ಆಮೇಲೆ.